ಬೀಗ ಮುಂಬಾಗಿಲಿಗೆ ಮಾತ್ರ

ನಮ್ಮ ಮುದಗಲ್ಲಿನ ಮೊಹರಂ ಎಂದರೆ ಇಡೀ ಊರಿನ ಹಬ್ಬ. ಹುಸೇನಿ ಆಲಂ ದರ್ಗಾಕ್ಕೆ ಹರಕೆ ಹೊತ್ತು ಬರುವವರಲ್ಲಿ ಮುಸಲ್ಮಾನರೆಷ್ಟೋ ಹಿಂದೂಗಳೂ ಅಷ್ಟೇ. ಇಂಥ ಹಬ್ಬಗಳಲ್ಲಿ, ಚುನಾವಣೆಯಲ್ಲಿ ಮದ್ಯ ಮಾರಬಾರದೆಂದು ಜಿಲ್ಲಾಧಿಕಾರಿಗಳ ಆದೇಶ ಹೊರಡುತ್ತದೆ. ಅಂಗಡಿಗೆ ಬೀಗ ಬೀಳುತ್ತದೆ. ಕುಡಿಯುವ ಗಂಡಸು ಮಾತ್ರ ಆ ರಾತ್ರಿಯೂ ತೂರಾಡುತ್ತಲೇ ಮನೆಗೆ ಬರುತ್ತಾನೆ.

ಟೀಚರಮ್ಮನಿಗ್ಯಾಕೆ ಈ ಉಸಾಬರಿ ಎನ್ನುವವರಿದ್ದಾರೆ. ಮರುದಿನ ನಿದ್ದೆಗೆಟ್ಟ ಕಣ್ಣಿನಿಂದ ಬಂದು ಕೂರುವ ಮಕ್ಕಳ ಮುಂದೆ ನಿಲ್ಲುವವಳು ನಾನು. ಉಸಾಬರಿ ನನ್ನದೇ.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿದೆ. ಈಗ ಕಿರಾಣಿ ಅಂಗಡಿಯಲ್ಲಿ, ಚಹಾದ ಹೋಟೆಲಿನಲ್ಲಿ ಕದ್ದು ಮಾರುವ 90 ಎಂ.ಎಲ್. ಪಾಕೀಟು ಬಹುತೇಕ ಸರಕಾರಕ್ಕೆ ತೆರಿಗೆ ಕಟ್ಟಿದ ಮಾಲೇ. ರಾಜ್ಯ ಪಾನೀಯ ನಿಗಮದ ಡಿಪೋದಿಂದ ಲೈಸೆನ್ಸ್ ಅಂಗಡಿಗೆ ಬರುತ್ತದೆ. ಬೀಗ ಬೀಳುವ ಮೊದಲೇ ಅಲ್ಲಿಂದ ಬಾಕ್ಸುಗಟ್ಟಲೆ ಓಣಿ ಸೇರುತ್ತದೆ. ಪಾಕೀಟಿನ ಮೇಲೆ ಬ್ಯಾಚ್ ನಂಬರ್ ಅಚ್ಚಾಗಿರುತ್ತದೆ. ಮಾಲು ಹಿಡಿದವರು ಆ ನಂಬರಿನೊಂದಿಗೆ ಡಿಪೋದ ಲೆಕ್ಕ ನೋಡಿದರೆ, ಅದು ಯಾವ ಯಾವ ಅಂಗಡಿಗೆ ಹೋಗಿತ್ತೆಂದು ತಿಳಿಯದೇ? ಐದನೇ ಇಯತ್ತೆಯ ಹುಡುಗಿ ಬಿಡಿಸುವ ಲೆಕ್ಕವಿದು.

ಆದರೆ ಕೇಸು ಬೀಳುವುದು ಹತ್ತು ಪಾಕೀಟು ಇಟ್ಟುಕೊಂಡ ಗುಡಿಸಲಿನ ಮುದುಕಿಯ ಮೇಲೆ. ಜಾಮೀನು, ದಂಡ, ದಂಡ ತುಂಬಲು ಮತ್ತೆ ಮಾರಾಟ. ಲೈಸೆನ್ಸುದಾರನ ಹೆಸರು ಪಂಚನಾಮೆಯಲ್ಲಿ ಕಾಣುವುದು ಅಪರೂಪ. ಮಾಮೂಲು ಎಂಬ ಮಾತಿನ ಅರ್ಥ ನಿಮಗೆ ಬಿಡಿಸಿ ಹೇಳಬೇಕೇ? ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಮಾರುವವನ ಮನೆ ಯಾವುದೆಂದು ಠಾಣೆಗೆ ಹೋಗಿ ಹೇಳಿದಳು. ಆಕೆ ಮನೆ ಮುಟ್ಟುವ ಮೊದಲೇ ಆಕೆಯ ಹೆಸರು ಅವನಿಗೆ ಮುಟ್ಟಿತ್ತು. ಆ ಸಂಜೆ ಅವಳ ಬಾಗಿಲ ಮುಂದೆ ನಿಂತು ಬೈದವನನ್ನು ಯಾರೂ ಹಿಡಿಯಲಿಲ್ಲ.

2019ರ ಜನವರಿಯಲ್ಲಿ ನಮ್ಮ ರಾಯಚೂರು ಜಿಲ್ಲೆಯ ಹೆಣ್ಣುಮಕ್ಕಳೂ ಸೇರಿ ಸಾವಿರಾರು ಮಂದಿ ಮದ್ಯ ನಿಷೇಧಿಸಿರೆಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಹೋದರು. ಬೊಕ್ಕಸಕ್ಕೆ ಆದಾಯ ಬೇಕು, ನಿಷೇಧ ಆಗದು ಎಂಬ ಉತ್ತರ ಹಳೆಯದು. ಆ ವಾದ ಇನ್ನೊಂದು ದಿನಕ್ಕಿರಲಿ. ತಾವೇ ಸಹಿ ಮಾಡಿದ ನಾಲ್ಕು ದಿನದ ಆದೇಶವನ್ನಾದರೂ ನಡೆಸಿ ತೋರಿಸಲಿ.

ಅಕ್ಕತಂಗಿಯರೇ, ದೂರು ಕೊಡಲು ಒಬ್ಬೊಬ್ಬರೇ ಹೋಗಬೇಡಿ. ಓಣಿಯ ಇಪ್ಪತ್ತು ಮಂದಿ ಸಹಿ ಹಾಕಿ ಹೋಗಿ. ಬಿಸಾಡಿದ ಖಾಲಿ ಪಾಕೀಟು ಸಿಕ್ಕರೆ ಅದರ ಬ್ಯಾಚ್ ನಂಬರನ್ನೂ ದೂರಿನಲ್ಲಿ ಬರೆಯಿರಿ. ಪ್ರತಿಯ ಮೇಲೆ ಠಾಣೆಯ ಸಿಕ್ಕಾ ಬೀಳುವವರೆಗೆ ಅಲ್ಲಿಂದ ಏಳಬೇಡಿ.