9900ರ ಸೆಲ್ಲು, ಸುಟ್ಟ ಅಂಗೈ

ನಮ್ಮೂರಲ್ಲಿ ಟಾರ್ಚಿಗೇ ಬ್ಯಾಟರಿ ಅಂತಾರೆ. ಒಳಗೆ ಹಾಕೋದು ಸೆಲ್ಲು. ಮೂವತ್ತೈದು ವರ್ಷ ಮುಂಬಯಿ ನೀರು ಕುಡಿದರೂ ನನ್ನ ಬಾಯಲ್ಲಿ ಇನ್ನೂ ಹಾಗೇ ಬರುತ್ತೆ. ಹೋದ ಮಳೆಗಾಲ ಮುಗಿಯೋ ಹೊತ್ತಿಗೆ ಕುಂದಾಪುರದ ಕಡೆಯಿಂದ ಅಣ್ಣನ ಫೋನು. "ತೋಟಕ್ಕೆ ಹಂದಿ ಕಾಟ ಜಾಸ್ತಿ ಆಯ್ತು ಮಾರಾಯ. ಒಂದು ಜೋರು ಬ್ಯಾಟರಿ ಕಳಿಸು. ಅಲ್ಲಿ ಒಳ್ಳೇದು ಸಿಗುತ್ತಲ್ಲ."

ಸಿಗುತ್ತೆ. ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗದ್ದು ಏನಿದೆ? ಟಾರ್ಚ್ ಚೆನ್ನಾಗಿರೋದೇ ತಗೊಂಡೆ, 40 ವ್ಯಾಟಿನದು, ಒಂದೇ ಸೆಲ್ಲಿನದು. ಎಡವಿದ್ದು ಸೆಲ್ಲಿನಲ್ಲಿ. ಅಂಗಡಿಯವ ಎರಡು ತರಹ ತೋರಿಸಿದ. ಒಂದು 450 ರೂಪಾಯಿ, ಮೇಲೆ 3000 ಎಂಎಎಚ್ ಅಂತ ಬರೆದಿತ್ತು. ಇನ್ನೊಂದು 90 ರೂಪಾಯಿ, ಅದರ ಮೇಲೆ 9900! ಕಡಿಮೆ ದುಡ್ಡಿಗೆ ಮೂರು ಪಟ್ಟು ಶಕ್ತಿ. ಚೌಕಾಸಿ ಮಾಡಿ ಎರಡನ್ನು 150ಕ್ಕೆ ತಂದು, ಊರಿಗೆ ಹೊರಟ ಪರಿಚಯದವರ ಕೈಲಿ ಕೊಟ್ಟು ಕಳಿಸಿದೆ. ಹೆಂಡತಿಯ ಹತ್ತಿರ ಉಳಿಸಿದ ದುಡ್ಡಿನ ಲೆಕ್ಕ ಬೇರೆ ಹೇಳಿದೆ.

ಮೂರನೇ ವಾರ ಮತ್ತೆ ಫೋನು. ತೋಟದಲ್ಲಿ ಟಾರ್ಚ್ ಹಿಡಿದು ನಿಂತಿದ್ದಾಗ ಕೈಗೆ ಬಿಸಿ ತಾಗಿದೆ, ಬುಸ್ ಅಂತ ಸದ್ದಾಗಿದೆ, ಹೊಗೆ ಬಂದಿದೆ. ಎಸೆಯೋ ಹೊತ್ತಿಗೆ ಅಂಗೈ ಸುಟ್ಟಿತ್ತು. ಅಣ್ಣ ಬಯ್ಯಲಿಲ್ಲ. "ನೀನು ಮುಂಬೈಲಿ ಇರೋನು, ನಿಂಗೆ ಗೊತ್ತಿರುತ್ತೆ ಅಂದ್ಕೊಂಡೆ" ಅಂದ, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಕೂತು ಓದಿದೆ. ಮೊದಲೇ ಓದಬೇಕಿತ್ತು ಬಿಡಿ. ಈ ಸೆಲ್ಲಿನ ಹೆಸರು 18650. ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಈ ಗಾತ್ರದಲ್ಲಿ ಜಗತ್ತಿನ ಒಳ್ಳೊಳ್ಳೆ ಕಂಪನಿಗಳೂ ಅದರ ಹತ್ತಿರಕ್ಕೂ ಬರುವಷ್ಟು ಎಂಎಎಚ್ ತುಂಬಿಲ್ಲ. ಹಾಗಿದ್ದ ಮೇಲೆ 9900 ಅನ್ನೋದು ಶುದ್ಧ ಸುಳ್ಳು. ಹಳೇ ಲ್ಯಾಪ್‌ಟಾಪಿನ ಸೆಲ್ ಬಿಚ್ಚಿ ಹೊಸ ಹೊದಿಕೆ ಹಾಕಿ ಮಾರೋದುಂಟು. ಒಳಗೆ ಪುಟ್ಟ ಸೆಲ್ ಇಟ್ಟು ಮಿಕ್ಕ ಜಾಗಕ್ಕೆ ಪುಡಿ ತುಂಬೋದೂ ಉಂಟು. ಅಸಲಿ ಸೆಲ್ 45 ಗ್ರಾಂ ಆಸುಪಾಸು ತೂಗುತ್ತೆ. ತೀರಾ ಹಗುರ ಇದ್ದರೆ ಅಲ್ಲೇ ವಾಪಸ್ ಇಡಿ.

ಆದರೆ ನಾನು ಹೇಳಬೇಕೆಂದಿರೋ ಮುಖ್ಯ ವಿಷಯ ಇದಲ್ಲ. ನಾವೆಲ್ಲ ತಪ್ಪು ನಂಬರನ್ನೇ ಓದುತ್ತೇವೆ ಅನ್ನೋದು. ಎಂಎಎಚ್ ಅಂದರೆ ನಮ್ಮ ಬಿಲ್ಡಿಂಗಿನ ಟಾಕಿಯಲ್ಲಿ ಎಷ್ಟು ನೀರಿದೆ ಅನ್ನೋ ಲೆಕ್ಕ. ಪೈಪು ಎಷ್ಟು ದಪ್ಪ, ಎಷ್ಟು ರಭಸ ತಡೆಯುತ್ತೆ ಅನ್ನೋದು ಆಂಪಿಯರ್ ಲೆಕ್ಕ. ಜೋರು ಟಾರ್ಚಿಗೆ ಬೇಕಾದ್ದು ಎರಡನೆಯದು. ಅಂಗಡಿಯವರು ಹೇಳೋದು ಮಾತ್ರ ಮೊದಲನೆಯದು.

ಲೆಕ್ಕ ಕಷ್ಟದ್ದೇನಲ್ಲ. ಈ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್, ಖಾಲಿಯಾಗ್ತಾ ಬಂದಾಗ 3.2ರ ಸುಮಾರು. ವೋಲ್ಟ್ ಇಳಿದಷ್ಟೂ ಅದೇ ಬೆಳಕಿಗೆ ಹೆಚ್ಚು ಕರೆಂಟು ಎಳೆಯಬೇಕು. 40 ವ್ಯಾಟನ್ನು 3.2ರಿಂದ ಭಾಗಿಸಿದರೆ ಹನ್ನೆರಡೂವರೆ ಆಂಪಿಯರ್. ಒಳಗಿನ ಸರ್ಕೀಟಿನಲ್ಲಿ ಪೋಲಾಗೋದನ್ನೂ ಸೇರಿಸಿದರೆ 14. ಅಣ್ಣನ ಟಾರ್ಚಿಗೆ ಬೇಕಿದ್ದದ್ದು ಬಿಡದೆ 15 ಆಂಪಿಯರ್ ಕೊಡಬಲ್ಲ ಸೆಲ್. ತಮಾಷೆ ಅಂದರೆ, ಅಸಲಿ ಸೆಲ್ಲುಗಳಲ್ಲೂ ಎಂಎಎಚ್ ಜಾಸ್ತಿ ಇದ್ದದ್ದೇ ಒಳ್ಳೇದು ಅಂತಿಲ್ಲ. ಪ್ಯಾನಾಸೋನಿಕ್‌ನ 3400ರದು ಏಳು ಆಂಪಿಯರ್ ದಾಟುವಂತಿಲ್ಲ. ಎಲ್‌ಜಿಯ ಎಚ್‌ಜಿ2 3000ದ್ದು, ಆದರೆ 20 ಆಂಪಿಯರ್ ಕೊಡುತ್ತೆ. ಹೊದಿಕೆ ಮೇಲೆ ದೊಡ್ಡದಾಗಿ "40 ಆಂಪಿಯರ್" ಅಂತಿದ್ದರೂ ನಂಬಬೇಡಿ. ಅದು ಕ್ಷಣಮಾತ್ರದ್ದು. ನಿರಂತರ ಎಷ್ಟು ಅಂತ ಕಂಪನಿಯ ಡೇಟಾಶೀಟಿನಲ್ಲೇ ನೋಡಬೇಕು.

ಈ ಪಾಠವನ್ನು ಮೊದಲು ಕಲಿತವರು ಹೊರದೇಶದ ಇ-ಸಿಗರೇಟಿನವರು. ನಮ್ಮಲ್ಲಿ 2019ರ ಕಾಯ್ದೆಯಿಂದ ಅದರ ತಯಾರಿಕೆ, ಆಮದು, ಮಾರಾಟ ಎಲ್ಲಾ ನಿಷಿದ್ಧ. ಆದರೆ ಅವರು ಹಾಕೋದೂ ಇದೇ 18650. ಅದೂ ನೂರು ವ್ಯಾಟು ಎಳೆಯೋ ಯಂತ್ರಕ್ಕೆ, ಬಾಯಿ ಹತ್ತಿರ! 2018ರ ಮೇ ತಿಂಗಳಲ್ಲಿ ಫ್ಲೋರಿಡಾದಲ್ಲಿ ಒಬ್ಬರು, 2019ರ ಜನವರಿಯಲ್ಲಿ ಟೆಕ್ಸಾಸಿನಲ್ಲಿ ಒಬ್ಬರು ಅದು ಸಿಡಿದೇ ಸತ್ತರು. 2021ರಲ್ಲಿ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 18650 ಸೆಲ್ಲನ್ನು ಬಿಡಿಯಾಗಿ ಕೊಳ್ಳಲೇಬೇಡಿ ಅಂತ ಎಚ್ಚರಿಕೆ ಕೊಟ್ಟಿತು. ಇವನ್ನು ತಯಾರಿಸೋದು ರಕ್ಷಣೆಯ ಸರ್ಕೀಟಿನ ಜೊತೆ ಪ್ಯಾಕ್ ಒಳಗೆ ಕೂರಿಸೋದಕ್ಕೆ, ಜೇಬಲ್ಲಿ ಹಾಕಿಕೊಂಡು ಓಡಾಡೋದಕ್ಕಲ್ಲ.

ನನ್ನ ಅಭಿಪ್ರಾಯವೂ ಅದೇ. ಆದಷ್ಟು ಮಟ್ಟಿಗೆ ಸೆಲ್ ಒಳಗೇ ಇರೋ, ಐಎಸ್ 16046 ಗುರುತಿರೋ ಸಾಮಾನು ಕೊಳ್ಳಿ. ಬಿಡಿ ಸೆಲ್ಲೇ ಬೇಕು ಅಂದರೆ ಹೆಸರಿರೋ ಕಂಪನಿಯದು, ಬಿಲ್ಲು ಕೊಡೋ ಅಂಗಡಿಯಲ್ಲಿ. ಎರಡು ಸೆಲ್ ಹಾಕೋ ಸಾಮಾನಾದರೆ ಅವನ್ನು ಗಂಡಹೆಂಡಿರ ಹಾಗೆ ಇಡಿ, ಒಂದೇ ದಿನ ಕೊಂಡದ್ದು, ಒಟ್ಟಿಗೇ ಚಾರ್ಜ್ ಆದದ್ದು. ಹೊಸದರ ಜೊತೆ ಹಳೇದು ಸೇರಿಸಬೇಡಿ. ಹೊದಿಕೆ ಒಂದು ಚೂರು ಹರಿದಿದ್ದರೂ ಬಳಸಬೇಡಿ. ತುದಿಯ ಮೊಟ್ಟೆ ಬಿಟ್ಟರೆ ಇಡೀ ಡಬ್ಬಿಯೇ ನೆಗೆಟಿವ್, ಲೋಹ ತಾಗಿದರೆ ಶಾರ್ಟ್ ಆಗುತ್ತೆ. ಕೀಲಿಕೈ, ಚಿಲ್ಲರೆ ಇರೋ ಜೇಬಿಗೆ ಹಾಕಲೇಬೇಡಿ. ಒಂದು ಪ್ಲಾಸ್ಟಿಕ್ ಡಬ್ಬಿಗೆ ಎಷ್ಟು ಮಹಾ ದುಡ್ಡು? ರಾತ್ರಿ ಚಾರ್ಜಿಗೆ ಹಾಕಿ ಮಲಗಬೇಡಿ.

ಅಂಗಡಿಯವರದೂ ತಪ್ಪಿದೆ. ಆಂಪಿಯರ್ ಎಷ್ಟು ಅಂತ ಕೇಳಿದರೆ ಹೇಳಲಾಗದವನು ಸೆಲ್ ಮಾರಬಾರದು. ಆದರೆ ಕೇಳಬೇಕಾದವರು ನಾವು. ಊರವರು ನಮ್ಮನ್ನು ನಂಬಿ ತರಿಸಿಕೊಳ್ಳುತ್ತಾರೆ. ತರಕಾರಿಗೆ, ಆಟೋಗೆ ಚೌಕಾಸಿ ಮಾಡಿ ಮಾಡಿ ನಮಗೆ ಎಲ್ಲದಕ್ಕೂ ಅದೇ ಅಭ್ಯಾಸ ಆಗಿಬಿಟ್ಟಿದೆ. ಬೆಂಕಿ ಹತ್ತೋ ಸಾಮಾನಿಗೂ ಚೌಕಾಸಿನಾ?

ಅಣ್ಣನ ಕೈ ಈಗ ವಾಸಿಯಾಗಿದೆ, ಕಲೆ ಉಳಿದಿದೆ. ಈ ಸಲ ಊರಿಗೆ ನಾನೇ ಹೋದಾಗ 450ರ ಎರಡು ಸೆಲ್ಲು ಡಬ್ಬಿ ಸಮೇತ ಒಯ್ದಿದ್ದೆ. ಅಣ್ಣ ತಿರುಗಿಸಿ ತಿರುಗಿಸಿ ನೋಡಿ ಕೇಳಿದ, "ಇದರಲ್ಲಿ ಮೂರು ಸಾವಿರ ಅಂತಲೇ ಇದೆಯಲ್ಲ, ಮೊದಲಿನದ್ದೇ ಜೋರಲ್ವನಾ?"

ಜಗಲಿ ಮೇಲೆ ಕೂತು ಟಾಕಿ, ಪೈಪಿನ ಕತೆ ಮೊದಲಿಂದ ಹೇಳಬೇಕಾಯ್ತು. ನಿಮ್ಮನೆಯಲ್ಲೂ ಒಮ್ಮೆ ಹೇಳಿಬಿಡಿ.