ಕಲೆಗೆ ಕನಿಕರ ಬೇಡ

2025ನೆಯ ಇಸವಿ ಡಿಸೆಂಬರ್ ತಿಂಗಳ 9ರಂದು ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್ ನಗರದಲ್ಲಿ ಟರ್ನರ್ ಪಾರಿತೋಷಕವು ನ್ನೆನಾ ಕಲೂ ಎಂಬ ಕಲಾವಿದೆಗೆ ಸಂದಿತು. 1984ರಿಂದ ನಡೆದು ಬಂದಿರುವ ಈ ಪಾರಿತೋಷಕವು ಆ ದೇಶದ ನವೀನ ಕಲೆಗೆ ದೊರೆಯುವ ಮನ್ನಣೆಗಳಲ್ಲಿ ಅಗ್ರಗಣ್ಯವಾದುದು. ಅದರೊಡನೆ ಬರುವ ಹಣ 25,000 ಪೌಂಡು. ಇವರು ಬೌದ್ಧಿಕ ವೈಕಲ್ಯವೂ ಸ್ವಲೀನತೆಯೂ ಉಳ್ಳವರು. ಮಾತು ಬಹಳ ಸ್ವಲ್ಪ. ಸಮಾರಂಭದಲ್ಲಿ ಇವರ ಪರವಾಗಿ ಮಾತನಾಡಿದವರು ಇವರ ಕೆಲಸಕ್ಕೆ ಬಹುಕಾಲದಿಂದ ನೆರವಾಗಿರುವ ಸಹಾಯಕಿ. ಬೌದ್ಧಿಕ ವೈಕಲ್ಯವುಳ್ಳವರೊಬ್ಬರು ಈ ಪಾರಿತೋಷಕವನ್ನು ಪಡೆದುದು ಅದೇ ಮೊದಲು. ಪರದೇಶದಲ್ಲಿ ನಡೆದುದೆಂಬ ಮಾತ್ರಕ್ಕೆ ಯಾವುದನ್ನೂ ಕೊಂಡಾಡುವುದು ನಮ್ಮ ಪದ್ಧತಿಯಲ್ಲ. ಆದರೆ ಈ ಸಂಗತಿಯು ಎಬ್ಬಿಸಿರುವ ಪ್ರಶ್ನೆಯು ನಮ್ಮ ಬಾಗಿಲಿಗೂ ಬಂದು ನಿಲ್ಲುವಂಥದಾದುದರಿಂದ ವಾಚಕರ ಮುಂದೆ ನಾಲ್ಕು ಮಾತುಗಳನ್ನಿಡಲು ಬಯಸುತ್ತೇವೆ.

ತೀರ್ಪು ಹೊರಬಿದ್ದೊಡನೆಯೇ, "ಕಲೆಯನ್ನು ನೋಡಿ ಕೊಟ್ಟರೋ, ಕನಿಕರಪಟ್ಟು ಕೊಟ್ಟರೋ?" ಎಂದು ಕೇಳಿದವರುಂಟು. ಕೇಳಬಾರದ ಪ್ರಶ್ನೆಯೇನೂ ಅಲ್ಲ. ಆದರೆ ಅದಕ್ಕೆ ಉತ್ತರವು ಕೃತಿಗಳಲ್ಲಿದೆಯೇ ಹೊರತು ಊಹೆಯಲ್ಲಿಲ್ಲ. ಹಗ್ಗ, ಬಟ್ಟೆ, ಕಾಗದ, ಹಳೆಯ ವೀಡಿಯೋ ಸುರುಳಿಯ ಪಟ್ಟಿ ಇವುಗಳನ್ನು ಸುತ್ತಿ, ಬಿಗಿದು, ಗಂಟಿಕ್ಕಿ, ಮತ್ತೆ ಸುತ್ತಿ, ಛಾವಣಿಯಿಂದ ತೂಗುವ ದೊಡ್ಡ ಗಾತ್ರದ ಆಕೃತಿಗಳನ್ನು ಇವರು ಕಟ್ಟುತ್ತಾರೆ. 2024ರಲ್ಲಿ ಬಾರ್ಸಿಲೋನಾ ಪ್ರಾಂತದ ಹಳೆಯ ವಿದ್ಯುತ್ ಕೇಂದ್ರವೊಂದರಲ್ಲಿ ಇಂತಹ ಹತ್ತು ಆಕೃತಿಗಳು ತೂಗಿದವು. ಕಾಗದದ ಮೇಲೆ ಸುಳಿಯಂತೆ ತಿರುತಿರುಗಿ ಬರುವ ಇವರ ರೇಖಾಚಿತ್ರಗಳು ಎರಡೆರಡಾಗಿ, ಮೂರುಮೂರಾಗಿ ಹುಟ್ಟುತ್ತವೆ. ಒಂದರ ಕೈಚಲನೆಯನ್ನು ಇನ್ನೊಂದು ಅನುಸರಿಸುತ್ತದೆ, ಆದರೂ ಎರಡು ಒಂದೇ ಆಗುವುದಿಲ್ಲ. ಲಂಡನ್ನಿನ ಆಕ್ಷನ್‌ಸ್ಪೇಸ್ ಎಂಬ ಸಂಸ್ಥೆಯ ಆಶ್ರಯದಲ್ಲಿ 1999ರಿಂದ ಇವರ ಕೆಲಸವು ಸಾಗಿ ಬಂದಿದೆ. ಕಾಲು ಶತಮಾನ ಕೈ ಪಳಗಿಸಿದವರಿಗೆ ಸಂದ ಮನ್ನಣೆಯನ್ನು ಭಿಕ್ಷೆಯೆನ್ನುವುದು ಯಾವ ನ್ಯಾಯ?

ಪಶ್ಚಿಮ ದೇಶಗಳವರು ಈ ವಿಷಯದಲ್ಲಿ ಮೊದಲಿನಿಂದಲೂ ಉದಾರಿಗಳಾಗಿದ್ದರೆಂದು ಯಾರೂ ಭಾವಿಸತಕ್ಕದ್ದಲ್ಲ. ಅಮೇರಿಕದ ಒಹಾಯೋ ಸಂಸ್ಥಾನದಲ್ಲಿ 1943ರಲ್ಲಿ ಅವಳಿಜವಳಿಯಾಗಿ ಹುಟ್ಟಿದವರಲ್ಲಿ ಒಬ್ಬಳು ಜೂಡಿತ್ ಸ್ಕಾಟ್. ಡೌನ್ ಲಕ್ಷಣವುಳ್ಳ ಈಕೆಗೆ ಕಿವಿಯೂ ಕೇಳುತ್ತಿರಲಿಲ್ಲ. ಆದರೆ ಆ ಕಿವುಡನ್ನು ವರ್ಷಗಟ್ಟಲೆ ಯಾರೂ ಗುರುತಿಸಲೇ ಇಲ್ಲ. ಕೇಳಿದುದಕ್ಕೆ ಉತ್ತರ ಕೊಡದ ಮಗುವಿಗೆ ವಿದ್ಯೆ ಹತ್ತದೆಂದು ತೀರ್ಮಾನಿಸಿ, ಏಳನೆಯ ವಯಸ್ಸಿನಲ್ಲಿಯೇ ಸರಕಾರಿ ಆಶ್ರಮಕ್ಕೆ ಸೇರಿಸಿದರು. ಅಲ್ಲಿ ಕಳೆದುದು 35 ವರ್ಷ. ಕಡೆಗೆ ಅವಳಿ ಸೋದರಿಯೇ ಪೋಷಕತ್ವದ ಹಕ್ಕನ್ನು ಪಡೆದು ಕ್ಯಾಲಿಫೋರ್ನಿಯಾಕ್ಕೆ ಕರೆತಂದು, 1987ರಲ್ಲಿ ಓಕ್ಲಂಡಿನ ಕ್ರಿಯೇಟಿವ್ ಗ್ರೋತ್ ಎಂಬ ಕಲಾಕೇಂದ್ರಕ್ಕೆ ಸೇರಿಸಿದಳು. ಸುಮಾರು ಎರಡು ವರ್ಷ ಜೂಡಿತ್ ಯಾವುದರಲ್ಲಿಯೂ ಮನಸ್ಸಿಡಲಿಲ್ಲ. ಆಮೇಲೆ ಒಂದು ದಿನ ನೂಲು ಕೈಗೆ ಬಂದಿತು. ಸಿಕ್ಕ ಕಡ್ಡಿ, ಕೋಲು, ಬೇಡವಾದ ಸಾಮಾನುಗಳಿಗೆ ಬಣ್ಣಬಣ್ಣದ ನೂಲನ್ನು ಸುತ್ತಿ ಸುತ್ತಿ, ಒಳಗಿನ ವಸ್ತುವು ಕಾಣದಂತೆ ಮುಚ್ಚಿ, ಅಪೂರ್ವವಾದ ಶಿಲ್ಪಗಳನ್ನು ಕಟ್ಟತೊಡಗಿದಳು. 2005ರಲ್ಲಿ ತೀರಿಕೊಳ್ಳುವ ವೇಳೆಗೆ ಇಂತಹ ಸುಮಾರು 200 ಕೃತಿಗಳಾಗಿದ್ದವು. ಇಂದು ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯದಲ್ಲಿಯೂ ಅವುಗಳಿಗೆ ಸ್ಥಾನವುಂಟು. ನೂಲಿನ ಎಳೆಯೊಂದು ಜನಾಂಗವನ್ನೇ ಎಬ್ಬಿಸಿದುದನ್ನು ಕಂಡ ನಾಡಿನವರು ನಾವು. ಎರಡು ವರ್ಷ ಸುಮ್ಮನೆ ಕುಳಿತ ಕೈಗೆ ನೂಲು ಬರುವವರೆಗೆ ಕಾದವರ ತಾಳ್ಮೆಯ ಬೆಲೆಯನ್ನು ನಾವು ಅರಿಯಬಲ್ಲೆವು.

ಆ ಕೇಂದ್ರದ ಕ್ರಮವು ಗಮನಿಸತಕ್ಕದ್ದಾಗಿದೆ. ದೊಡ್ಡ ಆಶ್ರಮಗಳಿಂದ ಹೊರಬರುತ್ತಿದ್ದವರಿಗೆ ಹಗಲು ಹೊತ್ತು ಕಳೆಯಲು ಯೋಗ್ಯವಾದ ಸ್ಥಳವಿಲ್ಲದಿದ್ದಾಗ, 1974ರಲ್ಲಿ ಎಲಿಯಾಸ್ ಕಾಟ್ಸ್ ಎಂಬ ಮನಶ್ಶಾಸ್ತ್ರಜ್ಞನೂ ಆತನ ಪತ್ನಿ, ಕಲಾವಿದೆ ಫ್ಲಾರೆನ್ಸ್ ಲುಡಿನ್ಸ್-ಕಾಟ್ಸಳೂ ತಮ್ಮ ಮನೆಯ ಮೋಟಾರು ಕೊಟ್ಟಿಗೆಯಲ್ಲಿ ಇದನ್ನು ಆರಂಭಿಸಿದರು. ಅಲ್ಲಿ ಹೀಗೆಯೇ ಬರೆಯೆಂದು ಕಲಿಸುವ ಉಪಾಧ್ಯಾಯರಿಲ್ಲ. ಬಣ್ಣ, ಮಣ್ಣು, ನೂಲು, ಮೇಜು, ದಿನವೂ ತೆರೆದಿರುವ ಬಾಗಿಲು, ಬೇಕಾದಾಗ ನೆರವಾಗುವ ಕಲಾವಿದರು, ಇಷ್ಟೇ ಬಂಡವಾಳ. ಕೃತಿಯು ಮಾರಾಟವಾದರೆ ಬೆಲೆಯಲ್ಲಿ ಅರ್ಧ ಭಾಗವು ಮಾಡಿದವರಿಗೆ ಸೇರುತ್ತದೆ. 2024ರಲ್ಲಿ ಆ ಕೇಂದ್ರಕ್ಕೆ 50 ವರ್ಷ ತುಂಬಿದಾಗ ಸ್ಯಾನ್‌ಫ್ರಾನ್ಸಿಸ್ಕೋದ ಆಧುನಿಕ ಕಲೆಯ ವಸ್ತುಸಂಗ್ರಹಾಲಯವು ಅಲ್ಲಿಯವರ ಕೃತಿಗಳ ಪ್ರದರ್ಶನವನ್ನೇರ್ಪಡಿಸಿತು. ನೂರಕ್ಕೂ ಹೆಚ್ಚು ಕೃತಿಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು.

ಈ ಮಾರ್ಗದಲ್ಲಿ ಅಪಾಯಗಳಿಲ್ಲವೆಂದು ನಾವು ಹೇಳುವುದಿಲ್ಲ. ಒಂದನೆಯದು, ಕೃತಿಗಿಂತ ಕಲಾವಿದರ ಕಷ್ಟದ ಕಥೆಯೇ ದೊಡ್ಡದಾಗಿ, ನೋಡುವವರು ಕಣ್ಣು ಬಿಡುವುದಕ್ಕೆ ಮೊದಲೇ ಕಣ್ಣೀರು ಬಿಡುವುದು. ಎರಡನೆಯದು ಇನ್ನೂ ಗಂಭೀರವಾದುದು: ಮಾತನಾಡಲಾರದವರ ಒಪ್ಪಿಗೆಯನ್ನು ತಿಳಿಯುವ ಬಗೆ ಹೇಗೆ? ಯಾವ ಕೃತಿಯನ್ನು ಮಾರಬೇಕು, ಯಾವುದನ್ನು ಉಳಿಸಿಕೊಳ್ಳಬೇಕು, ಹಣವು ಯಾರ ಕೈಗೆ ಹೋಗಬೇಕು ಎಂಬುದನ್ನು ನಿರ್ಧರಿಸುವವರು ಯಾರು? ಹತ್ತಿರದಲ್ಲಿದ್ದು ವರ್ಷಾನುವರ್ಷ ಅವರ ಇಂಗಿತವನ್ನರಿತವರಿಲ್ಲದೆ, ಪಾರದರ್ಶಕವಾದ ಲೆಕ್ಕವಿಲ್ಲದೆ ಇದು ಸರಿಹೋಗಲಾರದು. ಆದರೆ ಅಪಾಯವುಂಟೆಂದು ಬಾಗಿಲನ್ನೇ ತೆರೆಯದಿರುವುದು ಹಳೆಯ ಆಶ್ರಮದ ನ್ಯಾಯವೇ ಆದೀತು.

ಈಗ ನಮ್ಮ ನಾಡಿನ ಮಾತಿಗೆ ಬರೋಣ. 2011ರ ಜನಗಣತಿಯು ಭಾರತದಲ್ಲಿ ಇಂತಹ ವೈಕಲ್ಯವುಳ್ಳವರು ಸುಮಾರು 15 ಲಕ್ಷ ಮಂದಿಯೆಂದು ಲೆಕ್ಕ ಕೊಟ್ಟಿತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಬೌದ್ಧಿಕ ವೈಕಲ್ಯವನ್ನೂ ಸ್ವಲೀನತೆಯನ್ನೂ ಸೇರಿಸಿ 21 ಬಗೆಗಳನ್ನು ಅಂಗೀಕರಿಸಿದೆ. ಅದೇ ಕಾಯಿದೆಯ 29ನೆಯ ಪ್ರಕರಣವು ವಿಕಲಚೇತನ ಕಲಾವಿದರಿಗೂ ಲೇಖಕರಿಗೂ ಸೌಕರ್ಯವನ್ನೂ, ಆಧಾರವನ್ನೂ, ಪ್ರಾಯೋಜನೆಯನ್ನೂ ಕಲ್ಪಿಸುವುದು ಸರಕಾರದ ಕರ್ತವ್ಯವೆಂದು ವಿಧಿಸುತ್ತದೆ. ಆದಕಾರಣ ನಾವು ಹೊಸದೇನನ್ನೂ ಬೇಡುತ್ತಿಲ್ಲ. ಬರೆದಿಟ್ಟ ಶಾಸನವನ್ನು ನಡೆಸಿರೆಂದು ಮಾತ್ರ ಹೇಳುತ್ತಿದ್ದೇವೆ.

ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದೇನು? ವಿಶೇಷ ಶಾಲೆಯ ವಾರ್ಷಿಕೋತ್ಸವಕ್ಕೆ ಗಣ್ಯರನ್ನು ಕರೆಯುತ್ತೇವೆ. ಉಪಾಧ್ಯಾಯರು ಗೆರೆ ಎಳೆದುಕೊಟ್ಟ ಗಿಣಿಗೆ ಮಗುವು ಹಸುರು ತುಂಬಿರುತ್ತದೆ; ಗೆರೆ ದಾಟದಿದ್ದುದಕ್ಕೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಗೆರೆ ದಾಟಿದ ಮಗುವಿನ ಹಾಳೆ ಗೋಡೆಗೆ ಏರುವುದೇ ಇಲ್ಲ. ದೀಪಾವಳಿಗೆ ಹಣತೆಗೆ ಬಣ್ಣ ಹಚ್ಚಿಸಿ, ಕಾಗದದ ಚೀಲ ಮಾಡಿಸಿ ಮಾರುತ್ತೇವೆ. ಹೊಟ್ಟೆಪಾಡಿನ ಕೆಲಸವನ್ನು ನಾವು ಹಳಿಯುವುದಿಲ್ಲ. ಅಹರ್ನಿಶಿ ಶ್ರಮಿಸುವ ಆ ಉಪಾಧ್ಯಾಯರನ್ನಂತೂ ಹಳಿಯಲೇ ಆರೆವು. ಆದರೆ ಹದಿನೆಂಟು ವರ್ಷ ತುಂಬಿದೊಡನೆ ಶಾಲೆಯ ಬಾಗಿಲು ಮುಚ್ಚಿ, ಮುಂದಿನ ನಲವತ್ತು ವರ್ಷ ಮನೆಯ ಮೂಲೆಯಲ್ಲಿ ಕುಳಿತಿರುವವರಲ್ಲಿ ಒಬ್ಬ ಜೂಡಿತ್ ಇಲ್ಲವೆಂದು ಎದೆಮುಟ್ಟಿ ಹೇಳಬಲ್ಲವರು ಯಾರು? "ನಾವಿಲ್ಲದ ಮೇಲೆ ಇವನ ಗತಿಯೇನು?" ಎಂಬುದು ಮುಪ್ಪಿನ ತಂದೆತಾಯಿಗಳ ಹಗಲಿರುಳಿನ ಚಿಂತೆ. ಕಲೆಯು ಆ ಚಿಂತೆಯನ್ನು ಪೂರ್ತಿ ಕಳೆಯಲಾರದು. ಆದರೆ ದಿನವೂ ಹೋಗಿ ಕುಳಿತುಕೊಳ್ಳುವ ಒಂದು ಜಾಗ, ಹೆಸರಿಡಿದು ಕರೆಯುವ ನಾಲ್ಕು ಜನ, ತನ್ನದೆಂಬ ಒಂದು ಕೆಲಸ ಇವು ಅಲ್ಪವಾದವುಗಳಲ್ಲ.

ನಮ್ಮ ಸೂಚನೆಗಳು ಮೂರು. ಜಿಲ್ಲಾ ಕೇಂದ್ರಗಳಲ್ಲಿ ಪುರಸಭೆ, ನಗರಸಭೆಗಳ ವಶದಲ್ಲಿ ಬಳಕೆಯಿಲ್ಲದೆ ಬೀಗ ಹಾಕಿದ ಕೊಠಡಿಯೊಂದಿದ್ದರೆ ಅದನ್ನು ವಯಸ್ಕರಿಗೆ ದಿನವೂ ತೆರೆದಿರುವ ಕಲಾಶಾಲೆಯಾಗಿ ಬಿಟ್ಟುಕೊಡಲಿ. ಲಲಿತಕಲಾ ಅಕಾಡೆಮಿಯು ಇವರ ಕೃತಿಗಳನ್ನು ಬೇರೆ ಪಂಕ್ತಿಯಲ್ಲಿ ಕೂರಿಸದೆ, ಇತರ ಕಲಾವಿದರ ಸಾಲಿನಲ್ಲಿಯೇ, ಅದೇ ಒರೆಗಲ್ಲಿಗೆ ಹಚ್ಚಿ ನೋಡಲಿ. ಯೋಗ್ಯವಾದುದನ್ನು ಸ್ವೀಕರಿಸಿ, ಅಲ್ಲದುದನ್ನು ನಿಸ್ಸಂಕೋಚವಾಗಿ ಬಿಡಲಿ. ಮಾರಾಟದ ಹಣವು ಕಲಾವಿದರ ಸ್ವಂತ ಹೆಸರಿನ ಲೆಕ್ಕಕ್ಕೆ ಜಮಾ ಆಗಿ, ವರ್ಷಕ್ಕೊಮ್ಮೆ ಅದರ ಪರಿಶೋಧನೆಯು ನಡೆಯಲಿ. ವಿಕಲಚೇತನರ ಇಲಾಖೆಯು ಇದು ಸಂಸ್ಕೃತಿ ಇಲಾಖೆಯ ಕೆಲಸವೆಂದೂ, ಸಂಸ್ಕೃತಿ ಇಲಾಖೆಯು ಇದು ಅವರ ಕೆಲಸವೆಂದೂ ಕಡತವನ್ನು ದೂಡದಿರಲೆಂಬುದೇ ಅಧಿಕಾರಿ ವರ್ಗದಲ್ಲಿ ನಮ್ಮ ಬಿನ್ನಹ.

ಮಹಾಜನರಲ್ಲಿಯೂ ಒಂದು ಮಾತು. ಇಂಥವರ ಚಿತ್ರವೊಂದು ಎದುರಿಗೆ ಬಂದಾಗ "ಪಾಪ, ಇಷ್ಟಾದರೂ ಮಾಡಿದನಲ್ಲ" ಎನ್ನುವುದನ್ನು ಬಿಡೋಣ. ಚೆನ್ನಾಗಿದ್ದರೆ ತಕ್ಕ ಬೆಲೆ ಕೊಟ್ಟು ಕೊಂಡು ಪಡಸಾಲೆಯಲ್ಲಿ ತೂಗಹಾಕೋಣ. ಚೆನ್ನಾಗಿಲ್ಲವೆಂದು ತೋರಿದರೆ, ಬೇರಾವ ಕಲಾವಿದನಿಗಾದರೂ ಹೇಳುವಂತೆ, ಮುಂದಿನ ಸಲ ಮತ್ತೆ ಬಂದು ನೋಡುತ್ತೇವೆಂದು ಹೇಳಿ, ಹಾಗೆಯೇ ಹೋಗಿ ನೋಡೋಣ.