ಕಲ್ಲನ್ನು ಓದುವ ವಿದ್ಯೆ

ಗೃಹಸ್ಥರೊಬ್ಬರು ನಮಗೊಂದು ಕಾಗದವನ್ನು ಬರೆದಿರುವರು. ಅವರ ಮಗಳು ಭೂವಿಜ್ಞಾನವನ್ನು ಒಂದು ವಿಷಯವಾಗಿ ವ್ಯಾಸಂಗಮಾಡಿ ಬಿ.ಎಸ್‌ಸಿ. ಪದವಿಯನ್ನು ಪಡೆದಿರುವಳು, ಈಗ ಅದೇ ಶಾಸ್ತ್ರದಲ್ಲಿ ಎಂ.ಎಸ್‌ಸಿ. ಓದಬೇಕೆಂದೂ ಸಾಧ್ಯವಾದರೆ ಸಂಶೋಧನೆಗೂ ಹೋಗಬೇಕೆಂದೂ ಹಟ ಹಿಡಿದಿರುವಳು. ಮನೆಯ ಹಿರಿಯರಿಗೆ ಇದು ಸಮ್ಮತವಿಲ್ಲ. ಕಲ್ಲು ಒಡೆಯುವುದಕ್ಕೆ ಇನ್ನೆರಡು ವರ್ಷದ ಓದೇತಕ್ಕೆ? ಓದಿದ ಮೇಲೆ ಅನ್ನ ಹುಟ್ಟುವುದೆಲ್ಲಿ? ಹೆಣ್ಣುಮಗಳು ಕಾಡುಮೇಡು ಅಲೆಯುವುದೆಂದರೇನು? ಇವು ಅವರ ಮೂರು ಪ್ರಶ್ನೆಗಳು. ಹಣವನ್ನು ಕೊಡತಕ್ಕವರೂ ಚಿಂತೆಯನ್ನು ಹೊರತಕ್ಕವರೂ ಅವರೇ ಆದುದರಿಂದ, ಕೇಳುವ ಅಧಿಕಾರವು ಅವರಿಗೆ ನಿಸ್ಸಂದೇಹವಾಗಿ ಉಂಟು. ಇಂತಹ ಮಾತು ಇನ್ನೂ ಅನೇಕ ಮನೆಗಳಲ್ಲಿ ನಡೆಯುತ್ತಿರಬಹುದಾದ ಕಾರಣ, ಈ ತಿಂಗಳು ಇದನ್ನೇ ವಿಚಾರಕ್ಕೆ ತೆಗೆದುಕೊಂಡಿದ್ದೇವೆ.

ಮೊದಲು ಈ ಶಾಸ್ತ್ರದ ಸ್ವರೂಪವೇನೆಂಬುದನ್ನು ನೋಡೋಣ. ಅಮರಕೋಶವನ್ನು ಬಾಯಿಪಾಠ ಮಾಡಿದ ನಮ್ಮಂಥವರಿಗೆ ಭೂಮಿಯ ಹೆಸರುಗಳು ನಾಲಗೆಯ ತುದಿಯಲ್ಲಿರುತ್ತವೆ: ಅಚಲಾ, ಸ್ಥಿರಾ, ವಸುಮತೀ, ಸರ್ವಂಸಹಾ. ಇವುಗಳಲ್ಲಿ ವಸುಮತೀ ಎಂಬುದು ಅಕ್ಷರಶಃ ದಿಟ. ಅಚಲಾ ಎಂಬುದಾದರೋ ಕಣ್ಣಿಗೆ ಕಾಣುವ ಮಟ್ಟಿಗೆ ಮಾತ್ರ ದಿಟ. ಭರತಖಂಡವನ್ನು ಹೊತ್ತ ಶಿಲಾಫಲಕವು ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ಉತ್ತರದ ಕಡೆಗೆ ಸರಿಯುತ್ತಲೇ ಇದೆ. ಹಿಮಾಲಯವು ತಲೆಯೆತ್ತಿದ್ದು ಆ ಒತ್ತಡದಿಂದಲೇ. ನಮ್ಮ ದಖ್ಖಣದ ನೆಲವಾದರೂ ಅಲುಗದೆಂದು ನಂಬಿದ್ದವರಿಗೆ 1967ರಲ್ಲಿ ಕೊಯ್ನಾದಲ್ಲಿಯೂ 1993ರಲ್ಲಿ ಕಿಲ್ಲಾರಿಯಲ್ಲಿಯೂ ಆದ ಭೂಕಂಪಗಳು ಬುದ್ಧಿ ಕಲಿಸಿದವು. ಕಿಲ್ಲಾರಿಯ ಸುತ್ತಣ ಹಳ್ಳಿಗಳಲ್ಲಿ ಮಲಗಿದ್ದ ಸಾವಿರಾರು ಜನರು ತಮ್ಮ ಮನೆಗಳ ಕಲ್ಲಿನ ಗೋಡೆಗಳ ಕೆಳಗೇ ಮಡಿದರು. ನೆಲವನ್ನು ತಿಳಿಯುವುದು ವಿನೋದಕ್ಕಾಗಿ ಮಾತ್ರವಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈ ತಿಳಿವಳಿಕೆಯು ಬರುವ ಬಗೆ ಹೇಗೆ? ನಾವು ಆಯುಷ್ಯವೆಲ್ಲ ವ್ಯಾಕರಣವನ್ನು ಹೇಳಿಕೊಟ್ಟವರಾದುದರಿಂದ ನಮಗೆ ತೋರುವ ಉಪಮಾನವಿದು: ದೀರ್ಘಸಮಾಸವೊಂದನ್ನು ಬಿಡಿಸುವಾಗ ಯಾವ ಪದ ಯಾವುದರೊಡನೆ ಮೊದಲು ಕೂಡಿತು, ಯಾವುದು ಆಮೇಲೆ ಸೇರಿತು ಎಂದು ವಿಗ್ರಹ ಮಾಡುತ್ತೇವಲ್ಲವೆ? ಭೂವಿಜ್ಞಾನಿಯು ಬಂಡೆಗೆ ಮಾಡುವುದೂ ಅದನ್ನೇ. ಒಂದು ಶಿಲೆಯನ್ನು ಸೀಳಿಕೊಂಡು ಇನ್ನೊಂದು ಶಿಲೆಯು ಹಾದುಹೋಗಿದ್ದರೆ, ಸೀಳಿದ್ದು ಈಚಿನದು, ಸೀಳಿಸಿಕೊಂಡದ್ದು ಹಳೆಯದು. ಇಷ್ಟು ಸರಳವಾದ ಸೂತ್ರದಿಂದ ಹೊರಟು ಕೋಟ್ಯಂತರ ವರ್ಷಗಳ ಇತಿಹಾಸವನ್ನು ಅವರು ಕಟ್ಟುತ್ತಾರೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತ ಬಂಡೆಯ ಮೇಲೆ ಕುಳಿತು ಕಡಲೆಕಾಯಿ ತಿಂದವರು ನಮ್ಮ ವಾಚಕರಲ್ಲಿ ಎಷ್ಟೋ ಮಂದಿ ಇದ್ದಾರು. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಲ್ಲೊಂದು. ಆ ಜಾತಿಯ ಶಿಲೆಗೆ ‘ಪೆನಿನ್ಸುಲಾರ್ ನೈಸ್’ ಎಂಬ ಹೆಸರನ್ನಿಟ್ಟವರು, 1894ರಲ್ಲಿ ಸ್ಥಾಪಿತವಾದ ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ ಎಂಬವರು. ನಮ್ಮ ಧಾರವಾಡದ ಹೆಸರು ಪ್ರಪಂಚದ ಭೂವಿಜ್ಞಾನ ಗ್ರಂಥಗಳಲ್ಲೆಲ್ಲ ಬಹು ಪುರಾತನ ಶಿಲೆಗಳ ಹೆಸರಾಗಿ ನಿಂತಿದೆ. ಆದಕಾರಣ ನಮ್ಮ ಮಕ್ಕಳಿಗೆ ಈ ಶಾಸ್ತ್ರದ ಮೂಲಗ್ರಂಥವು ಮನೆಯ ಹಿತ್ತಲಿನಲ್ಲಿಯೇ ತೆರೆದಿದೆ ಎಂದರೆ ಅತಿಶಯೋಕ್ತಿಯಾಗದು.

ಇನ್ನು ಮೊದಲನೆಯ ಪ್ರಶ್ನೆ: ಎರಡನೆಯ ಪದವಿ ಏತಕ್ಕೆ? ಮೊದಲ ಪದವಿಯಲ್ಲಿ ವಿದ್ಯಾರ್ಥಿಯು ಶಿಲೆಗಳ ಹೆಸರನ್ನೂ ಲಕ್ಷಣಗಳನ್ನೂ ಕಲಿಯುತ್ತಾನೆ; ಅದು ಶಬ್ದಮಂಜರಿಯ ಓದು. ಎಂ.ಎಸ್‌ಸಿ. ತರಗತಿಯಲ್ಲಿ ಕಾವ್ಯವನ್ನೇ ಕೈಗೆ ಕೊಡುತ್ತಾರೆ. ವಾರಗಟ್ಟಲೆ ಕ್ಷೇತ್ರದಲ್ಲಿ ಬಿಡಾರ ಹೂಡಿ, ಸುತ್ತಿಗೆ, ದಿಕ್ಸೂಚಿಗಳನ್ನು ಹಿಡಿದು, ಬಂಡೆಯ ಪದರಗಳು ಯಾವ ದಿಕ್ಕಿಗೆ ಎಷ್ಟು ಅಂಶ ಬಾಗಿವೆಯೆಂದು ಅಳೆದು ನಕ್ಷೆಯನ್ನು ಬರೆಯಬೇಕು. ಕುಣಿಯಲಾರದವಳಿಗೆ ನೆಲ ಡೊಂಕೆಂದು ಗಾದೆಯುಂಟು. ಇಲ್ಲಾದರೋ ನೆಲದ ಡೊಂಕನ್ನು ಅಳೆಯುವುದೇ ಪಾಠ! ತಂದ ಕಲ್ಲನ್ನು ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಪಾಲಿನಷ್ಟು ತೆಳುವಾಗಿ ತೇಯ್ದು, ಗಾಜಿನ ಮೇಲಂಟಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಆಗ ಕಲ್ಲಿನೊಳಗಿಂದ ಬೆಳಕು ಹಾದು, ಖನಿಜಗಳು ಒಂದೊಂದೂ ತನ್ನ ಬಣ್ಣವನ್ನು ತೋರುತ್ತವೆ. ಇದರ ಜೊತೆಗೆ ಗಣಿತ, ಭೌತ, ರಸಾಯನಗಳ ಬಲವೂ ಬೇಕು. ಗಣಿತಕ್ಕಂಜಿ ಕಲ್ಲಿನ ಕಡೆಗೆ ಓಡಿಬಂದವರಿಗೆ ಇಲ್ಲಿ ನೆಲೆಯಿಲ್ಲವೆಂಬುದನ್ನು ಮೊದಲೇ ತಿಳಿಸಿಬಿಡುವುದು ಒಳ್ಳೆಯದು.

ಈ ವಿದ್ಯೆಯಿಂದ ಲೋಕಕ್ಕಾಗುವ ಉಪಕಾರವನ್ನು ನಮ್ಮ ಬಯಲುಸೀಮೆಯ ರೈತನನ್ನು ಕೇಳಬೇಕು. ಅಂಗೈ ಮೇಲೆ ತೆಂಗಿನಕಾಯಿಯನ್ನಿಟ್ಟುಕೊಂಡು ನೀರು ನೋಡುವವರ ಮಾತನ್ನು ನಂಬಿ, ಸಾಲ ತಂದು, ಒಂದರ ಮೇಲೊಂದು ಕೊಳವೆಬಾವಿಯನ್ನು ಕೊರೆಸಿ ಧೂಳನ್ನೇ ಕಂಡ ಸಂಸಾರಗಳೆಷ್ಟು! ನಮ್ಮ ಗಟ್ಟಿಶಿಲೆಯ ನಾಡಿನಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲವಾದ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ ಮಾತ್ರ. ಆ ಬಿರುಕುಗಳು ಎತ್ತ ಹರಿದಿವೆ, ನೀರಿಗೆ ಅಡ್ಡಗೋಡೆಯಾಗಿ ನಿಂತ ಕಪ್ಪುಶಿಲೆಯ ಡೈಕು ಎಲ್ಲಿದೆ ಎಂಬುದನ್ನು ಬಲ್ಲವರು ನೆಲಕ್ಕೆ ಕಂಬಿಗಳನ್ನು ನೆಟ್ಟು, ವಿದ್ಯುತ್ತನ್ನು ಹರಿಸಿ, ಅದಕ್ಕೊದಗುವ ತಡೆಯನ್ನಳೆದು ಊಹಿಸುತ್ತಾರೆ. ಅವರ ಮಾತೂ ಪ್ರತಿಸಲ ಫಲಿಸುವುದೆಂದಲ್ಲ. ಆದರೆ ಅದಕ್ಕೆ ಕಾರಣವುಂಟು, ತಪ್ಪಿದರೆ ತಿದ್ದಿಕೊಳ್ಳುವ ದಾರಿಯುಂಟು. ದೊರೆತ ನೀರಿನಲ್ಲಿಯೂ ಕೆಲವೆಡೆ ಶಿಲೆಯಿಂದ ಕರಗಿದ ಫ್ಲೋರೈಡ್ ಸೇರಿ, ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿ, ಮಕ್ಕಳ ಹಲ್ಲಿಗೆ ಕಂದುಬಣ್ಣವನ್ನೂ ದೊಡ್ಡವರ ಮೂಳೆಗೆ ನೋವನ್ನೂ ತರುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದುದನ್ನು ಎಲ್ಲರೂ ಬಲ್ಲರು. ಎಲ್ಲಿ ಮನೆ ಕಟ್ಟಬಹುದು, ಎಲ್ಲಿ ಇಳಿಜಾರನ್ನು ಕಡಿಯಬಾರದು ಎಂದು ಹೇಳಬಲ್ಲವರು ನಮಗೆ ಬೇಡವೆ?

ಎರಡನೆಯದು ಅನ್ನದ ಪ್ರಶ್ನೆ. 1851ರಲ್ಲಿ ಆರಂಭವಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೂ, ಕೇಂದ್ರ ಅಂತರ್ಜಲ ಮಂಡಳಿಗೂ ವಿಜ್ಞಾನಿಗಳನ್ನು ಆರಿಸುವುದು ಕೇಂದ್ರ ಲೋಕಸೇವಾ ಆಯೋಗದ ಒಂದು ಪ್ರತ್ಯೇಕ ಪರೀಕ್ಷೆಯ ಮೂಲಕ. ಅದಕ್ಕೆ ಸ್ನಾತಕೋತ್ತರ ಪದವಿಯೇ ಅರ್ಹತೆ. ಬಿ.ಎಸ್‌ಸಿ.ಗೆ ನಿಂತವರಿಗೆ ಆ ಬಾಗಿಲು ತೆರೆಯದು. ಸಂಶೋಧನೆಗೆ ಹೋಗುವವರು ನೆಟ್ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಕಿರಿಯ ಸಂಶೋಧಕ ವೇತನವನ್ನು ಗಳಿಸಿದರೆ, 2023ರ ಜನವರಿಯಿಂದ ಅನ್ವಯವಾದ ದರದಂತೆ ತಿಂಗಳಿಗೆ 37,000 ರೂಪಾಯಿ ದೊರೆಯುತ್ತದೆ. ಆಮೇಲೆ ಓದು ತಂದೆಯ ಕೈಚೀಲಕ್ಕೆ ಭಾರವಲ್ಲ. ಗಣಿ, ಸುರಂಗ, ಅಣೆಕಟ್ಟು, ಅಂತರ್ಜಲಗಳ ಖಾಸಗಿ ಉದ್ಯೋಗಗಳೂ ಉಂಟು. ಆದರೂ ನಿಜವನ್ನು ಮುಚ್ಚಬಾರದು. ಸರ್ಕಾರದ ಸ್ಥಾನಗಳು ಕೆಲವೇ, ಸ್ಪರ್ಧೆ ಹೆಚ್ಚು, ಸಂಶೋಧನೆಯ ಪದವಿಗೆ ಐದಾರು ವರ್ಷಗಳೂ ಹಿಡಿಯಬಹುದು. ಒಂದೇ ಗಣಿಯನ್ನು ನಂಬಿ ಬಾಳಲಾಗದೆಂಬುದಕ್ಕೆ 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯೇ ನಿದರ್ಶನ. ಆದುದರಿಂದ ಚಿನ್ನವನ್ನು ಹುಡುಕುವ ವಿದ್ಯೆಯೊಡನೆ ನೀರನ್ನು ಹುಡುಕುವ ವಿದ್ಯೆಯನ್ನೂ ಕಲಿತವರು ಜಾಣರು.

ಮೂರನೆಯ ಪ್ರಶ್ನೆಯೇ ಹಿರಿಯರ ನಿಜವಾದ ಅಳುಕು. ಇದಕ್ಕೆ ಉಪದೇಶಕ್ಕಿಂತ ದೃಷ್ಟಾಂತವೇ ಮೇಲು. ಬಂಗಾಳದ ಸುದೀಪ್ತಾ ಸೇನ್‌ಗುಪ್ತಾ ಎಂಬ ಭೂವಿಜ್ಞಾನಿಯು 1983ರಲ್ಲಿ ಹೊರಟ ಭಾರತೀಯ ತಂಡದೊಡನೆ ಅಂಟಾರ್ಕ್ಟಿಕಾ ಖಂಡಕ್ಕೆ ಹೋಗಿ ಅಲ್ಲಿನ ಶಿಲೆಗಳನ್ನು ಪರಿಶೋಧಿಸಿದರು. 1936ರಲ್ಲಿ ಭೂಮಿಯ ಗರ್ಭದೊಳಗೆ ಇನ್ನೊಂದು ಒಳತಿರುಳಿದೆಯೆಂದು ಭೂಕಂಪದ ಅಲೆಗಳಿಂದ ಕಂಡುಹಿಡಿದವರು ಡೆನ್ಮಾರ್ಕಿನ ಇಂಗೆ ಲೇಮನ್ ಎಂಬ ಮಹಿಳೆ. 1952ರ ಗಣಿ ಕಾಯಿದೆಯು ಹೆಂಗಸರನ್ನು ನೆಲದಡಿಯ ಗಣಿಯ ಕೆಲಸದಿಂದ ದೂರವಿಟ್ಟಿತ್ತು. 2019ರಲ್ಲಿ ಸರ್ಕಾರವು ತಾಂತ್ರಿಕ ಹಾಗೂ ಮೇಲ್ವಿಚಾರಣೆಯ ಕೆಲಸಗಳಿಗೆ, ಹಗಲಿನ ಹೊತ್ತಿನಲ್ಲಿ, ಆ ತಡೆಯನ್ನು ಸಡಿಲಿಸಿತು. ಕಾಯಿದೆಯ ಬಾಗಿಲೇ ತೆರೆದಿರುವಾಗ ಮನೆಯ ಬಾಗಿಲಿಗೆ ಅಗುಳಿ ಹಾಕುವುದು ಉಚಿತವಲ್ಲ. ಆದರೆ ಕ್ಷೇತ್ರದಲ್ಲಿ ಬಿಸಿಲು, ಜಾರು, ಹಾವುಗಳ ಭಯವು ಗಂಡಿಗೂ ಹೆಣ್ಣಿಗೂ ಸಮನಾಗಿಯೇ ಇದೆ. ಒಂಟಿಯಾಗಿ ಹೋಗದಿರುವ ನಿಯಮವು ಇಬ್ಬರಿಗೂ ಅಗತ್ಯ.

ಇಷ್ಟನ್ನು ಒಪ್ಪಿದ ಮೇಲೆ ಎಲ್ಲಿ ಓದಿಸಬೇಕೆಂಬ ಮಾತು ಬರುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿಯೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ ಈ ಶಾಸ್ತ್ರದ ವಿಭಾಗಗಳುಂಟು. ಮುಂಬಯಿ, ಖರಗ್‌ಪುರ, ರೂರ್ಕಿಗಳ ಐ.ಐ.ಟಿ.ಗಳಿಗೆ ‘ಜಾಮ್’ ಎಂಬ ಪ್ರವೇಶ ಪರೀಕ್ಷೆಯುಂಟು. ಕಟ್ಟಡದ ಎತ್ತರವನ್ನು ನೋಡಿ ಮರುಳಾಗದೆ ಮಗಳೊಡನೆ ಹೋಗಿ ನಾಲ್ಕು ಸಂಗತಿಗಳನ್ನು ವಿಚಾರಿಸಬೇಕು. ವರ್ಷಕ್ಕೆ ಎಷ್ಟು ದಿನ ಕ್ಷೇತ್ರಕಾರ್ಯ, ಅದಕ್ಕೆ ಖರ್ಚು ಯಾರದು? ಶಿಬಿರದಲ್ಲಿ ಹೆಣ್ಣುಮಕ್ಕಳೊಡನೆ ಅಧ್ಯಾಪಿಕೆಯರು ಹೋಗುವರೆ? ಪ್ರಯೋಗಶಾಲೆಯ ಯಂತ್ರಗಳನ್ನು ವಿದ್ಯಾರ್ಥಿಗಳು ಕೈಯಾರೆ ಮುಟ್ಟುವರೆ, ಅಥವಾ ಗಾಜಿನಾಚೆಯಿಂದ ನೋಡುವರೆ? ಹಿಂದೆ ಓದಿದವರು ಈಗ ಎಲ್ಲಿದ್ದಾರೆ? ಸಂಶೋಧನೆಗಾದರೆ ಐದನೆಯದೊಂದುಂಟು: ಮಾರ್ಗದರ್ಶಕರ ಬಳಿ ಓದುತ್ತಿರುವ ಶಿಷ್ಯರನ್ನು ಏಕಾಂತದಲ್ಲಿ ಕಂಡು ಕೇಳುವುದು. ಗುರುವಿನ ಗುಣವನ್ನು ಶಿಷ್ಯನಷ್ಟು ಬಲ್ಲವರಿಲ್ಲ.

ಇದೆಲ್ಲವನ್ನೂ ವಿಚಾರಿಸಿದ ಮೇಲೆಯೂ, ಬಿಸಿಲಿಗೂ ಗಣಿತಕ್ಕೂ ಬೇಸರಪಡದೆ ಇದನ್ನೇ ಬಯಸುವೆಯಾ ಎಂದು ಮಗಳನ್ನೊಮ್ಮೆ ಕೇಳಬೇಕು. ಹೌದೆಂದು ಆಕೆ ಹೇಳಿದರೆ, ಆ ಗೃಹಸ್ಥರಿಗೆ ನಮ್ಮ ಅಭಿಪ್ರಾಯ ಸ್ಪಷ್ಟ: ಕಳುಹಿಸಿರಿ. ಮದುವೆಗೆಂದು ಕೂಡಿಟ್ಟ ಹಣದಲ್ಲಿ ಒಂದು ಪಾಲು ಈ ವ್ಯಾಸಂಗಕ್ಕೆ ವ್ಯಯವಾದರೆ ಅದು ನಷ್ಟವಾಯಿತೆಂದು ಎಣಿಸಬೇಡಿರಿ. ಸರ್ವಂಸಹೆಯಾದ ಭೂಮಿಯು ನಾವು ಕೊರೆದುದನ್ನೂ ಕಡಿದುದನ್ನೂ ಇಷ್ಟು ಕಾಲ ಸಹಿಸಿದ್ದಾಳೆ. ಆಕೆಯ ಮಾತನ್ನು ಕೇಳಬಲ್ಲ ಮಕ್ಕಳು ಮನೆಗೊಬ್ಬರಲ್ಲದಿದ್ದರೂ ಊರಿಗೊಬ್ಬರಾದರೂ ಹುಟ್ಟಿಬರುವುದು ಈ ನಾಡಿಗೆ ಶ್ರೇಯಸ್ಕರ.